ರೋಬೋಟ್ ಮಾಡೋಣ ಬರ್ರಿ

ರಾತ್ರಿ ಎರಡು ಗಂಟೆ. ಪಾಲಬಾವಿಯ ಹೊರಗೆ ಕಬ್ಬಿನ ಹೊಲದ ಬದುವಿನ ಮೇಲೆ ಒಂದು ಬ್ಯಾಟರಿಯ ಬೆಳಕು ಅಲುಗಾಡುತ್ತ ಹೋಗುತ್ತದೆ. ಮುಂದೆ ಅಪ್ಪ, ಹಿಂದೆ ಒಂಬತ್ತನೇ ವರ್ಗದ ಹುಡುಗ. ಈ ವಾರ ತ್ರೀಫೇಜ್ ಕರೆಂಟಿನ ಪಾಳಿ ರಾತ್ರಿಯದು. ಮೋಟರು ಚಾಲೂ ಮಾಡಬೇಕು, ಒಂದು ಸಾಲು ತುಂಬಿದರೆ ಮಣ್ಣು ಸರಿಸಿ ಮುಂದಿನ ಸಾಲಿಗೆ ನೀರು ತಿರುವಬೇಕು. ನಡುವೆ ಕರೆಂಟು ಹೋಗಿ ಬಂದರೆ ಮತ್ತೆ ಸ್ಟಾರ್ಟರಿನ ತನಕ ನಡೆಯಬೇಕು. ರವದಿಯ ಕೆಳಗೆ ಏನಿದೆಯೋ ಕಾಣುವುದಿಲ್ಲ. ಹಾವಿನ ಹೆಸರನ್ನು ಆ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ, ಹುಳ ಎನ್ನುತ್ತಾರೆ. ಮುಂಜಾನೆ ಅದೇ ಹುಡುಗ ಗಣಿತದ ಪಿರಿಯಡ್ಡಿನಲ್ಲಿ ತೂಕಡಿಸುತ್ತಾನೆ. ಸರ್ ಬೈಯುತ್ತಾರೆ. ಹುಡುಗ ತಲೆ ತಗ್ಗಿಸುತ್ತಾನೆ, ಕಾರಣ ಹೇಳುವುದಿಲ್ಲ.

ತಮ್ಮಾ, ನಿನ್ನನ್ನೇ ಹುಡುಕಿಕೊಂಡು ಬಂದಿದ್ದೇನೆ. ನಿನ್ನ ಹಿಂದಿನ ಬೆಂಚಿನ ಗೆಳೆಯನನ್ನೂ, ಆಚೆ ಸಾಲಿನಲ್ಲಿ ಕೂತ, ವಿಜ್ಞಾನದ ಚಿತ್ರಗಳನ್ನು ಚೆಂದ ಬರೆಯುತ್ತಾಳೆಂದು ಹೆಸರಾದ ಆ ತಂಗಿಯನ್ನೂ ಕರೆಯಬೇಕಾಗಿದೆ. ನೀವು ನಲವತ್ತು ಮಂದಿ ಸೇರಿ ಈ ವರ್ಷ ಒಂದು ರೋಬೋಟ್ ಮಾಡಬೇಕು. ರಾಯಬಾಗ ತಾಲ್ಲೂಕಿನ ಒಂದು ಊರಿನ ಮಕ್ಕಳಿಗೆ ಇದೆಂಥ ಹುಚ್ಚು ಎಂದು ಯಾರಾದರೂ ನಕ್ಕರೆ ನಗಲಿ. ನಾನು ಕೇಳುತ್ತಿರುವುದು ಸಿನಿಮಾದ ಯಂತ್ರಮಾನವನನ್ನಲ್ಲ.

ಹಾಗಾದರೆ ರೋಬೋಟ್ ಅಂದರೆ ಏನು? ಆ ಶಬ್ದ ಹುಟ್ಟಿದ್ದು 1920ರಲ್ಲಿ ಚೆಕ್ ಲೇಖಕ ಕರೆಲ್ ಚಾಪೆಕ್ ಬರೆದ 'ಆರ್‌.ಯು.ಆರ್‌.' ಎಂಬ ನಾಟಕದಲ್ಲಿ. ಹೆಸರು ಸೂಚಿಸಿದವನು ಅವನ ಅಣ್ಣ ಜೋಸೆಫ್. ಅವರ ಭಾಷೆಯಲ್ಲಿ 'ರೊಬೊಟಾ' ಎಂದರೆ ಒಡೆಯನಿಗೆ ಮಾಡಿಕೊಡಬೇಕಾದ ಬಿಟ್ಟಿ ಚಾಕರಿ. ನಮ್ಮ ಕಡೆ ಬಿಟ್ಟಿ ಚಾಕರಿ ಎಂದರೆ ಏನೆಂದು ಅಜ್ಜಂದಿರಿಗೆ ವಿವರಿಸಬೇಕಾಗಿಲ್ಲ. ರಾತ್ರಿ ಎರಡಕ್ಕೆ ಎದ್ದು ಸಾಲಿನ ತುದಿಯಲ್ಲಿ ನೀರು ಬಂತೋ ಇಲ್ಲವೋ ಎಂದು ಕಾಯುತ್ತ ಕೂರುವುದು ಇನ್ನೇನು? ಅದನ್ನು ಯಂತ್ರಕ್ಕೆ ಹಚ್ಚಬೇಕು. ಯಂತ್ರಕ್ಕೆ ಮೂರು ಕೆಲಸ ಬರಬೇಕು: ಸುತ್ತ ಏನು ನಡೆದಿದೆ ಎಂದು ತಿಳಿಯುವುದು, ತಿಳಿದದ್ದರ ಮೇಲೆ ಒಂದು ತೀರ್ಮಾನಕ್ಕೆ ಬರುವುದು, ಆಮೇಲೆ ಕೈ ಆಡಿಸುವುದು. ಈ ಮೂರು ಇದ್ದರೆ ಅದು ತಗಡಿನ ಡಬ್ಬಿಯಂತಿದ್ದರೂ ರೋಬೋಟೇ.

ಉತ್ತರ ಕರ್ನಾಟಕದ ಮೊದಲ ರೋಬೋಟ್ ಯಾವುದು ಎಂದು ನನ್ನನ್ನು ಕೇಳಿದರೆ ನಾನು ಅಣ್ಣಿಗೇರಿಯ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ರೈತ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ ಬೆಳಗಿನ ಜಾವ ಏಳುವುದೇ ಒಂದು ಕಷ್ಟವಾಗಿತ್ತು. ಗಡಿಯಾರದ ಗಂಟೆ ಹೊಡೆದರೂ ನಿದ್ದೆ ಬಿಡುತ್ತಿರಲಿಲ್ಲ. ಹಳೆಯ ಗಡಿಯಾರಗಳಲ್ಲಿ ಅಲಾರಂ ಹೊಡೆಯುವಾಗ ಹಿಂದಿನ ಕೀಲಿ ತಾನೇ ತಿರುಗುತ್ತದೆಯಲ್ಲ, ಅವರು ಆ ಕೀಲಿಗೆ ಒಂದು ದಾರ ಕಟ್ಟಿದರು. ದಾರದ ಇನ್ನೊಂದು ತುದಿಯಲ್ಲಿ ನೀರು ತುಂಬಿದ ಬಾಟಲಿ. ಕೀಲಿ ತಿರುಗಿದಂತೆ ದಾರ ಸುತ್ತಿಕೊಳ್ಳುತ್ತದೆ, ಬಾಟಲಿ ವಾಲುತ್ತದೆ, ಮುಖದ ಮೇಲೆ ನೀರು! ಎಂಥ ಕುಂಭಕರ್ಣನೂ ಏಳಲೇಬೇಕು. ಹೊತ್ತು ತಿಳಿಯಲು ಗಡಿಯಾರ, ಈಗ ಎಬ್ಬಿಸು ಎಂಬ ತೀರ್ಮಾನಕ್ಕೆ ಅಲಾರಂ, ಕೈಯ ಜಾಗದಲ್ಲಿ ದಾರ ಮತ್ತು ಬಾಟಲಿ. ಅದೇ ಮನುಷ್ಯ ಮುಂದೆ ಹುಣಸೆಹಣ್ಣಿನ ಬೀಜ ಬೇರ್ಪಡಿಸುವ ಯಂತ್ರ ಮಾಡಿದರು, ಬಿತ್ತುವ ಯಂತ್ರ ಮಾಡಿದರು, 2022ರಲ್ಲಿ ಪದ್ಮಶ್ರೀ ಪಡೆದರು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರ ಪ್ರತಿ ಯಂತ್ರದ ಹಿಂದೆ ಅವರದೇ ಒಂದು ತ್ರಾಸು ಇತ್ತು.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ರೋಬೋಟಿಗೆ ಮೊದಲು ಬೇಕಾಗುವುದು ತ್ರಾಸು, ಆಮೇಲೆ ಸಾಮಾನು. ನಾವು ಉಲ್ಟಾ ಮಾಡುತ್ತೇವೆ. ಕೇಂದ್ರ ಸರ್ಕಾರ 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ತಂದಿತು. ಆರರಿಂದ ಹನ್ನೆರಡನೇ ತರಗತಿಯವರಿಗಾಗಿ ದೇಶದಲ್ಲಿ 10,000ಕ್ಕೂ ಹೆಚ್ಚು ಶಾಲೆಗಳಲ್ಲಿ ಈ ಲ್ಯಾಬ್‌ಗಳಿವೆ. ಒಂದೊಂದಕ್ಕೆ 20 ಲಕ್ಷ ರೂಪಾಯಿ ತನಕ ಅನುದಾನ. 2025ರ ಬಜೆಟ್ಟಿನಲ್ಲಿ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಎಂದು ಘೋಷಣೆಯಾಯಿತು. ಒಳ್ಳೆಯ ಯೋಜನೆ, ಸಂಶಯವಿಲ್ಲ. ಆದರೆ ಇಂಥದೇ ಒಂದು ಕೋಣೆಗೆ ನಾನು ಹೋಗಿದ್ದೆ, ಊರಿನ ಹೆಸರು ಬೇಡ. ಮೋಟರು, ಸೆನ್ಸರ್‌ಗಳೆಲ್ಲ ಕಾಗದದ ಪೆಟ್ಟಿಗೆಯಲ್ಲೇ ಇದ್ದವು, ಕಪಾಟಿಗೆ ಬೀಗ. "ಮಕ್ಕಳು ಕೆಡಿಸಿಬಿಡ್ತಾರ್ರೀ, ತಪಾಸಣೆಗೆ ಬಂದಾಗ ಏನ್ ತೋರಿಸೋದು?" ಎಂದರು ಅಲ್ಲಿನವರು. ಅವರ ಭಯ ನನಗೆ ಅರ್ಥವಾಯಿತು, ಸಿಟ್ಟೂ ಬಂತು. ಮುಳುಗುತ್ತಾರೆಂದು ಮಕ್ಕಳನ್ನು ಈಜಲು ಬಾವಿಗೆ ಇಳಿಸದೆ ದಂಡೆಯಲ್ಲೇ ಕೂರಿಸಿದ ಹಾಗೆ. ನಿಮ್ಮ ಶಾಲೆಯಲ್ಲಿ ಲ್ಯಾಬ್ ಇದ್ದರೆ ಬೀಗದ ಕೈ ಕೇಳಿ. ಇಲ್ಲದಿದ್ದರೆ ಅಳುತ್ತ ಕೂರಬೇಡಿ.

ಮೊದಲ ಹೆಜ್ಜೆಗೆ ನೂರು ರೂಪಾಯಿಯೂ ಬೇಡ. ಬಿಸಿ 547 ಎಂಬ ಜೋಳದ ಕಾಳಿಗಿಂತ ಒಂದಿಷ್ಟೇ ದೊಡ್ಡದಾದ ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಪೀಪಿಯಂಥ ಬಜರ್, ಒಂಬತ್ತು ವೋಲ್ಟಿನ ಬ್ಯಾಟರಿ, ಎರಡು ತಂತಿ. ತಂತಿಗಳ ತುದಿ ಸುಲಿದು ಒಂದು ಬೆರಳು ಅಂತರದಲ್ಲಿ ಸಾಲಿನ ಕೊನೆಗೆ ಚುಚ್ಚಿಡಿ. ನೀರು ಅಲ್ಲಿಗೆ ಬಂದ ಕೂಡಲೇ ಎರಡು ತಂತಿಗಳ ನಡುವೆ ಇಷ್ಟೇ ಇಷ್ಟು ಕರೆಂಟು ಹರಿಯುತ್ತದೆ. ಟ್ರಾನ್ಸಿಸ್ಟರ್ ಆ ಇಷ್ಟನ್ನು ಅಷ್ಟು ಮಾಡುತ್ತದೆ, ಬಜರ್ ಕೂಗುತ್ತದೆ. ಅಪ್ಪ ಬದುವಿನ ಮೇಲೆ ಕೂತು ಕಾಯುವ ಬದಲು ಗುಡಿಸಲಿನಲ್ಲಿ ಒರಗಿರಬಹುದು. ಇದು ಇನ್ನೂ ರೋಬೋಟ್ ಅಲ್ಲ. ಅದಕ್ಕೆ ಸಿಕ್ಕ ಮೊದಲ ಚರ್ಮ ಇದು, ಕಣ್ಣು ಕಾಲು ಇನ್ನು ಬರಬೇಕು. ಒಂದು ಮಾತು ಮಾತ್ರ ಕಟ್ಟುನಿಟ್ಟು: ಬ್ಯಾಟರಿಯ ಮೇಲೆ ಏನು ಬೇಕಾದರೂ ಆಟ ಆಡಿ, ಹೊಲದ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕಬೇಡಿ. ಅಲ್ಲಿ ಹರಿಯುವುದು ಜೀವ ತೆಗೆಯುವ ಕರೆಂಟು.

ಈಗ ಕಾಲು. ಎರಡು ಹಳದಿ ಬಣ್ಣದ ಗೇರ್ ಮೋಟರು, ಎರಡು ಚಕ್ರ, ಮುಂದೆ ಎತ್ತ ಬೇಕಾದತ್ತ ತಿರುಗುವ ಒಂದು ಗುಂಡು ಚಕ್ರ, ಆರ್ಡುಯಿನೊ ಎಂಬ ಅಂಗೈ ಅಗಲದ ಬೋರ್ಡು. ಈ ಬೋರ್ಡು 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ, ಎಂಜಿನಿಯರಿಂಗ್ ಓದದ ವಿದ್ಯಾರ್ಥಿಗಳಿಗೂ ಅಗ್ಗದಲ್ಲಿ ಸಿಗಲಿ ಎಂದೇ ಹುಟ್ಟಿದ್ದು. ಎಲ್ಲ ಜೋಡಿಸಿ, ಮೊದಲ ಸಲ ವರ್ಗದ ನೆಲದ ಮೇಲೆ ಬಿಡುತ್ತೀರಿ. ನಲವತ್ತು ತಲೆಗಳು ಸುತ್ತ ಬಗ್ಗಿರುತ್ತವೆ. ನೇರ ಹೋಗು ಎಂದು ಹೇಳಿದ ಗಾಡಿ ಎಡಕ್ಕೆ ವಾಲುತ್ತದೆ, ಇನ್ನೂ ವಾಲುತ್ತದೆ, ಕೊನೆಗೆ ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಒಬ್ಬ ನಗುತ್ತಾನೆ. ಇನ್ನೊಬ್ಬಳು "ಪ್ರೋಗ್ರಾಂ ತಪ್ಪೈತಿ" ಎನ್ನುತ್ತಾಳೆ. ಪ್ರೋಗ್ರಾಂ ಸರಿಯೇ ಇರುತ್ತದೆ.

ಇಲ್ಲಿ ಉತ್ತರ ಹೊಳೆಯುವುದು ಗಣಿತದಲ್ಲಿ ಮೊದಲ ನಂಬರಿನವನಿಗಲ್ಲ, ಮನೆಯಲ್ಲಿ ಎತ್ತು ಕಟ್ಟಿದವನಿಗೆ. ಒಂದು ಎತ್ತು ಚುರುಕು, ಒಂದು ಮಂದ. ಹಾಗಿದ್ದಾಗ ಬಂಡಿ ಮಂದ ಎತ್ತಿನ ಕಡೆಗೇ ಎಳೆಯುತ್ತದೆ. ಒಂದೇ ಕಾರ್ಖಾನೆಯ ಒಂದೇ ಪೆಟ್ಟಿಗೆಯಿಂದ ಬಂದ ಎರಡು ಮೋಟರುಗಳೂ ಹಾಗೆಯೇ, ಎರಡೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಬಂಡಿ ಹೊಡೆಯುವವನು ಏನು ಮಾಡುತ್ತಾನೆ? ಚುರುಕಿನದರ ಹಗ್ಗ ಜಗ್ಗಿ ಹಿಡಿಯುತ್ತಾನೆ. ಆರ್ಡುಯಿನೊದಲ್ಲಿ ಆ ಹಗ್ಗಕ್ಕೆ ಸೊನ್ನೆಯಿಂದ 255ರ ತನಕ ಅಂಕಿಗಳಿವೆ. ಬಲದ ಮೋಟರಿಗೆ 255 ಇದ್ದದ್ದನ್ನು 230 ಮಾಡಿ ನೋಡಿ. ಇನ್ನೂ ವಾಲುತ್ತದೆಯೇ? 222. ಈಗ ಬಲಕ್ಕೆ ಹೊರಳಿತೇ? 226. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಪ್ರತಿ ಸಲ ಎಷ್ಟು ಬೆರಳು ಆಚೆ ಹೋಯಿತೆಂದು ಒಬ್ಬಳು ವಹಿಯಲ್ಲಿ ಬರೆದುಕೊಳ್ಳಲಿ. ಹತ್ತನೇ ಸಲಕ್ಕೋ ಇಪ್ಪತ್ತನೇ ಸಲಕ್ಕೋ ಗಾಡಿ ಗೆರೆಯ ಮೇಲೇ ಹೋದಾಗ ಎದ್ದ ಕೂಗು ಹೆಡ್ ಮಾಸ್ತರರ ಕೋಣೆಯ ತನಕ ಕೇಳಿಸುತ್ತದೆ. ಯಾವ ಪರೀಕ್ಷೆಯ ನಂಬರೂ ಆ ಕೂಗು ಹೊರಡಿಸುವುದಿಲ್ಲ, ಬೇಕಾದರೆ ನಿಮ್ಮ ಸರ್‌ ಅವರನ್ನೇ ಕೇಳಿ.

ಕಣ್ಣಿಗೆ ಶಬ್ದದ ಸೆನ್ಸರ್. ಎರಡು ಗುಂಡು ಡಬ್ಬಿ, ಥೇಟ್ ಗೂಬೆಯ ಕಣ್ಣು. ಒಂದರಿಂದ ನಮ್ಮ ಕಿವಿಗೆ ಕೇಳಿಸದ ಶಬ್ದ ಹೊರಟು, ಮುಂದಿನ ಗೋಡೆಗೆ ಬಡಿದು, ಇನ್ನೊಂದಕ್ಕೆ ಮರಳುತ್ತದೆ. ಹಾರುವ ಹುಳ ಹಿಡಿಯುವ ಬಾವಲಿಯ ವಿದ್ಯೆಯೇ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹೋಗಿ ಬಂದ ಹೊತ್ತನ್ನು ಅದರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ ಸಿಕ್ಕಿತು. ಎರಡರಿಂದ ಯಾಕೆ ಎಂದು ಕೇಳಿದ ಮಗುವಿಗೆ ಅವತ್ತು ಗಣಿತ ಬಂತೆಂದೇ ಲೆಕ್ಕ. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಪ್ರಜ್ಞಾನ್ ರೋವರ್ ನೆನಪಿದೆಯಲ್ಲ, ಆರು ಚಕ್ರದ, 26 ಕಿಲೋದ ಗಾಡಿ. ಇಳಿದ ನಾಲ್ಕೇ ದಿನಕ್ಕೆ ಅದರ ಮುಂದೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿ ಎದುರಾಯಿತು. ಇಸ್ರೊದವರು ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿದರು. ಅದರ ಕಣ್ಣು ಕ್ಯಾಮರಾ, ಬುದ್ಧಿ ಬಹಳ ದೊಡ್ಡದು. ಆದರೂ ಕುಳಿ ಕಂಡಾಗ ಅದು ಮಾಡಿದ್ದನ್ನೇ ನಿಮ್ಮ ಗಾಡಿ ವರ್ಗದ ಗೋಡೆ ಕಂಡಾಗ ಮಾಡಬೇಕು.

ಪ್ರೋಗ್ರಾಂ ಅಂದ ಕೂಡಲೇ ಇಂಗ್ಲಿಷಿನ ಭಯ ಬೇಡ. ಮೊದಲು ಕನ್ನಡದಲ್ಲಿ ಬರೆಯಿರಿ: ಮುಂದೆ ಇಪ್ಪತ್ತು ಸೆಂಟಿಮೀಟರಿಗಿಂತ ಹತ್ತಿರ ಏನಾದರೂ ಇದ್ದರೆ ನಿಲ್ಲು; ಒಂದು ಸೆಕೆಂಡು ಹಿಂದೆ ಸರಿ; ಬಲಕ್ಕೆ ತಿರುಗು; ಮತ್ತೆ ನೋಡು. ಬರೆದದ್ದು ಸರಿಯೋ ತಪ್ಪೋ ತಿಳಿಯಲು ಕಂಪ್ಯೂಟರೂ ಬೇಕಿಲ್ಲ. ಒಬ್ಬನ ಕಣ್ಣಿಗೆ ಟವೆಲ್ ಕಟ್ಟಿ ಅಂಗಳದಲ್ಲಿ ನಿಲ್ಲಿಸಿ, ಅವನೇ ರೋಬೋಟ್. ಹೇಳಿದ್ದಷ್ಟನ್ನೇ ಮಾಡಬೇಕು, ಸ್ವಂತ ಬುದ್ಧಿ ಓಡಿಸಬಾರದು. "ತಿರುಗು" ಎಂದರೆ ಸುತ್ತ ತಿರುಗುತ್ತಲೇ ಇರುತ್ತಾನೆ, ಯಾಕೆಂದರೆ ಎಷ್ಟು ಎಂದು ನೀವು ಹೇಳಿರಲಿಲ್ಲ! "ಮುಂದೆ ನಡಿ" ಎಂದರೆ ಬೇವಿನ ಗಿಡಕ್ಕೆ ಹಾಯುತ್ತಾನೆ, ಯಾಕೆಂದರೆ ಎಲ್ಲಿ ನಿಲ್ಲಬೇಕೆಂದು ಹೇಳಿರಲಿಲ್ಲ. ಅರ್ಧ ತಾಸು ಈ ಆಟ ಆಡಿದ ವರ್ಗಕ್ಕೆ ಸ್ಪಷ್ಟವಾಗಿ ಮಾತಾಡುವುದು ಎಂದರೇನೆಂದು ತಿಳಿಯುತ್ತದೆ. (ದೊಡ್ಡವರ ಕಮಿಟಿಗಳಿಗೂ ಈ ಆಟ ಕಲಿಸಿದರೆ ಒಳ್ಳೆಯದಿತ್ತು.)

ಇಡೀ ವರ್ಗವೇ ಯಾಕೆ, ಜಾಣರು ನಾಲ್ಕು ಮಂದಿ ಸಾಲದೇ ಎಂದು ಕೆಲವು ಗುರುಗಳು ಕೇಳುತ್ತಾರೆ. ಸಾಲುವುದಿಲ್ಲ. ಕೂರಿಗೆ ನೋಡಿದ್ದೀರಲ್ಲ. ಎತ್ತು ಹೊಡೆಯುವವನು ಒಬ್ಬ, ಬಟ್ಟಲಿಗೆ ಒಂದೇ ಹದದಲ್ಲಿ ಕಾಳು ಬಿಡುವ ತಾಯಿ ಒಬ್ಬಳು, ಇಬ್ಬರ ಹೆಜ್ಜೆಯೂ ಕೂಡಿದರೆ ಸಾಲು. ರೋಬೋಟೂ ಕೂರಿಗೆಯ ಜಾತಿಯದು. ಚೌಕಟ್ಟು ಕೊರೆಯಲು ಬಡಿಗತನದ ಕೈ ಬೇಕು, ಬೆಸುಗೆಗೆ ನಡುಗದ ಕೈ ಬೇಕು, ಲೆಕ್ಕಕ್ಕೊಬ್ಬ, ವಹಿಗೊಬ್ಬಳು. ಬೇಕೆಂದೇ ಗಾಡಿಯನ್ನು ಕೆಸರಿನಲ್ಲಿ, ಬಿಸಿಲಿನಲ್ಲಿ, ರವದಿಯ ಮೇಲೆ ಓಡಿಸಿ ಎಲ್ಲಿ ಸೋಲುತ್ತದೆಂದು ಹುಡುಕುವ ನಾಲ್ಕು ತುಂಟರು ಬೇಕೇ ಬೇಕು. ದಿನಾ ಬೈಸಿಕೊಳ್ಳುವವರನ್ನೇ ಆ ಕೆಲಸಕ್ಕೆ ಹಚ್ಚಿ. ಮೋಟರು ವೈಂಡಿಂಗ್ ಮಾಡುವ ಅಂಗಡಿಯವರನ್ನೂ, ಟ್ರ್ಯಾಕ್ಟರ್ ಮೆಕ್ಯಾನಿಕ್ಕನ್ನೂ ಒಂದು ದಿನ ಶಾಲೆಗೆ ಕರೆಸಿ, ಗುರುಗಳ ಕುರ್ಚಿಯಲ್ಲಿ ಕೂರಿಸಿ. ತಾಮ್ರದ ತಂತಿ ಸುಟ್ಟ ವಾಸನೆಯಿಂದಲೇ ದೋಷ ಹೇಳುವವರು ಅವರು.

ತಂಗಿಯರಿಗೆ ಒಂದು ಮಾತು. ವಿಜ್ಞಾನ ಪ್ರದರ್ಶನಗಳಲ್ಲಿ ನಾನು ಕಂಡದ್ದು ಒಂದೇ ಚಿತ್ರ: ಹುಡುಗರು ಯಂತ್ರ ಹಿಡಿದು ನಿಂತಿರುತ್ತಾರೆ, ಹುಡುಗಿಯರು ಚೆಂದದ ಅಕ್ಷರದಲ್ಲಿ ಚಾರ್ಟ್ ಬರೆದು ಪಕ್ಕದಲ್ಲಿ ನಿಂತಿರುತ್ತಾರೆ. ಈ ಸಲ ಚಾರ್ಟ್ ಹುಡುಗರು ಬರೆಯಲಿ. ಅಫ್ಘಾನಿಸ್ತಾನದ ಹೆರಾತಿನ ಹುಡುಗಿಯರು 2017ರಲ್ಲಿ ಜಾಗತಿಕ ರೋಬೋಟ್ ಸ್ಪರ್ಧೆಗೆ ಹೊರಟಾಗ ಅಮೆರಿಕದ ವೀಸಾ ಎರಡು ಸಲ ತಿರಸ್ಕೃತವಾಯಿತು. ಕೊನೆಗೂ ಹೋದರು, ಬೆಳ್ಳಿ ಪದಕ ತಂದರು. 2020ರಲ್ಲಿ ಕೊರೊನಾ ಬಂದಾಗ ಅದೇ ತಂಡ ಟೊಯೊಟಾ ಕೊರೊಲಾ ಕಾರಿನ ಬಿಡಿಭಾಗಗಳಿಂದ ಅಗ್ಗದ ವೆಂಟಿಲೇಟರ್ ಮಾಡಲು ಕೂತಿತು. ಬೆಸುಗೆಯ ಕಡ್ಡಿ ಒಲೆಯ ಮುಂದಿನ ಇಕ್ಕಳಕ್ಕಿಂತ ಭಾರವಿಲ್ಲ.

ಬಡ ಶಾಲೆ, ದೊಡ್ಡ ಕಾಲೇಜು ಎಂಬ ಅಳುಕಿಗೂ ಒಂದು ಕಥೆ ಇದೆ, ನಡೆದದ್ದು. ಅಮೆರಿಕದ ಫೀನಿಕ್ಸ್ ನಗರದ ಬಡ ಬಡಾವಣೆಯಲ್ಲಿ ಕಾರ್ಲ್ ಹೇಡನ್ ಎಂಬ ಹೈಸ್ಕೂಲು. ಅಲ್ಲಿನ ನಾಲ್ಕು ಹುಡುಗರು ಮೆಕ್ಸಿಕೊದಿಂದ ಗುಳೆ ಬಂದ ಕುಟುಂಬಗಳವರು, ಕೈಯಲ್ಲಿ ಸರಿಯಾದ ಕಾಗದಪತ್ರವೂ ಇಲ್ಲ. 2004ರಲ್ಲಿ ನೀರಿನೊಳಗೆ ಓಡಾಡುವ ರೋಬೋಟ್‌ಗಳ ಸ್ಪರ್ಧೆಗೆ ಅವರು ಪಿವಿಸಿ ಪೈಪಿನಲ್ಲಿ ಒಂದು ಯಂತ್ರ ಕಟ್ಟಿದರು. ಹೌದು, ನಿಮ್ಮ ಹೊಲದಲ್ಲಿ ಬಿದ್ದಿರುವ ಅದೇ ಜಾತಿಯ ಪೈಪು. ಖರ್ಚು ಸುಮಾರು 800 ಡಾಲರ್. ಪೈಪಿನ ಅಂಟು ಕೆಟ್ಟ ವಾಸನೆ ಹೊಡೆಯುತ್ತಿತ್ತೆಂದು ಅದಕ್ಕೆ 'ಸ್ಟಿಂಕಿ' ಎಂದು ಹೆಸರಿಟ್ಟರು. ನಮ್ಮಲ್ಲಾದರೆ 'ನಾತದವ' ಎನ್ನುತ್ತಿದ್ದೆವು. ಸ್ಪರ್ಧೆಗೆ ಹೋದ ಮೇಲೆ ನೋಡಿದರೆ ಕರೆಂಟಿನ ಪೆಟ್ಟಿಗೆಯೊಳಗೆ ನೀರು ಜಿನುಗುತ್ತಿದೆ. ಸಮಯವಿಲ್ಲ. ಹೆಂಗಸರು ಮುಟ್ಟಿನ ದಿನಗಳಲ್ಲಿ ಬಳಸುವ ಟ್ಯಾಂಪನ್ ಚೆನ್ನಾಗಿ ನೀರು ಹೀರುತ್ತದೆಂದು ಹೊಳೆಯಿತು. ಒಬ್ಬ ಹುಡುಗ ನಾಚುತ್ತಲೇ ಅಂಗಡಿಗೆ ಹೋಗಿ ತಂದ, ಪೆಟ್ಟಿಗೆಯೊಳಗೆ ಇಟ್ಟರು. ಎದುರಿಗೆ ಜಗತ್ತಿನ ಹೆಸರಾಂತ ಎಂಐಟಿಯ ತಂಡವಿತ್ತು. ಒಟ್ಟಾರೆ ಮೊದಲ ಸ್ಥಾನ ಹೈಸ್ಕೂಲಿನ ಹುಡುಗರಿಗೆ, ಎರಡನೆಯದು ಎಂಐಟಿಗೆ.

ಊರಿನ ಹಿರಿಯರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಯಂತ್ರ ಬಂದರೆ ಕೂಲಿಯವನ ಗತಿ ಏನು? ಕಬ್ಬು ಕಡಿಯುವ ಗ್ಯಾಂಗಿನವರನ್ನು ಕಂಡವರು ಕೇಳುವ ಪ್ರಶ್ನೆ ಇದು, ಇದನ್ನು ತಮಾಷೆ ಮಾಡಬೇಡಿ. ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆದರೆ ಯಾವ ಕೆಲಸವನ್ನು ಮೊದಲು ಯಂತ್ರಕ್ಕೆ ಕೊಡಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. 2015ರ ನವೆಂಬರಿನಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಕೆಲಸಗಾರರು, ಅವರನ್ನು ಉಳಿಸಲು ಇಳಿದ ಆಟೊ ಚಾಲಕ ನೌಷಾದ್, ಮೂವರೂ ಸತ್ತರು. ಕುಟ್ಟಿಪ್ಪುರಂನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳೆಯರು ಆಮೇಲೆ ಮ್ಯಾನ್‌ಹೋಲಿಗೆ ತಾನೇ ಕಾಲು ಇಳಿಬಿಟ್ಟು ಹೂಳು ಎತ್ತುವ ರೋಬೋಟ್ ಮಾಡಿದರು. 2018ರಲ್ಲಿ ಅದು ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಯಿತು. ಹೆಸರು ಬ್ಯಾಂಡಿಕೂಟ್, ಅಂದರೆ ಹೆಗ್ಗಣ. ಮನುಷ್ಯ ಮಾಡಲೇಬಾರದ ಕೆಲಸದ ಪಟ್ಟಿಯೊಂದು ಪ್ರತಿ ಊರಿನಲ್ಲೂ ಇದೆ. ಪಾಲಬಾವಿಯ ಪಟ್ಟಿಯನ್ನು ನೀವು ಬರೆಯಿರಿ. ರಾತ್ರಿ ನೀರು ಕಾಯುವುದು ಅದರಲ್ಲಿ ಮೇಲೆಯೇ ಇರಬೇಕು. ಬೆನ್ನಿಗೆ ಪಂಪು ಕಟ್ಟಿ ಔಷಧ ಹೊಡೆಯುವುದು ಎರಡನೆಯದು ಎಂದು ನನ್ನ ಅಭಿಪ್ರಾಯ.

ಮೊದಲಿಗೆ ಯಾರೂ ನಂಬುವುದಿಲ್ಲ, ಅದಕ್ಕೂ ತಯಾರಿರಿ. ನಮ್ಮ ಜಿಲ್ಲೆಯದೇ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೆಂದು ರೈತರು ಹತ್ತಿರ ಸೇರಿಸಲಿಲ್ಲ. ಅವರು ಮಾಡುವುದು ಬಿಡಲಿಲ್ಲ. ಇವತ್ತು ಆ ಹೆಸರು ಬರೆದ ಪಂಪುಗಳು ನಮ್ಮ ಬಾವಿಗಳ ಮೇಲೆ ಕೂತಿವೆ.

ಹಣದ ಮಾತು ಗುರುಗಳಿಗೆ ಹೇಳಿ. ಇನ್‌ಸ್ಪೈರ್ ಮಾನಕ್ ಎಂಬ ಯೋಜನೆಗೆ ಶಾಲೆಯಿಂದ ಮಕ್ಕಳ ಹೊಸ ವಿಚಾರಗಳನ್ನು ಕಳಿಸಬಹುದು. ಆಯ್ಕೆಯಾದ ವಿಚಾರಕ್ಕೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಕಳಿಸುವ ವಿಚಾರ ಅಂತರ್ಜಾಲದಿಂದ ಎತ್ತಿದ್ದಾಗಿರದೆ ನಿಮ್ಮ ಬದುವಿನ ಮೇಲಿನಿಂದ ಬಂದದ್ದಿರಲಿ.

ಶನಿವಾರ ಮುಂಜಾನೆಯ ಶಾಲೆ, ಮಧ್ಯಾಹ್ನಕ್ಕೆ ಬಿಡುತ್ತದೆ. ಮುಂದಿನ ಶನಿವಾರ ಮನೆಗೆ ಓಡಬೇಡಿ. ಕೆಟ್ಟ ರೇಡಿಯೊ, ಸತ್ತ ಮಿಕ್ಸರು, ತಮ್ಮನ ಮುರಿದ ಆಟಿಕೆ ಕಾರು, ಅಟ್ಟದ ಮೇಲೆ ಬಿದ್ದದ್ದು ಏನಿದೆಯೋ ತನ್ನಿ. ಒಂದು ಸ್ಕ್ರೂಡ್ರೈವರು, ಒಂದು ನೂರು ಪುಟದ ವಹಿ ತನ್ನಿ. ವಿಜ್ಞಾನದ ಸರ್‌ ಇಲ್ಲವೇ ಅಕ್ಕೋರ ಹತ್ತಿರ ಹೋಗಿ ಕೋಣೆಯ ಕೀಲಿ ಕೇಳಿ. ಕೊಡದಿದ್ದರೆ ಬೇವಿನ ಗಿಡದ ಕೆಳಗೇ ಕೂತುಕೊಳ್ಳಿ. ವಹಿಯ ಮೊದಲ ಪುಟದಲ್ಲಿ ನಿಮ್ಮ ಮನೆಯವರ ಒಂದೊಂದು ತ್ರಾಸು ಬರೆಯಿರಿ, ನಲವತ್ತು ಮಂದಿಯದೂ. ತೂಕಡಿಸುವ ಹುಡುಗನದನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ.